ಪಂಡರಿಬಾಯಿ: ಬರೀ 'ಅಮ್ಮ' ಅಂದು ಮುಗಿಸೋಕಾಗಲ್ಲ

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಸಿನಿಮಾ ಗೆಳೆಯರ ಕೂಟದಲ್ಲಿ ಪಂಡರಿಬಾಯಿಯವರ ಬಗ್ಗೆ ಮಾತಾಡಿದ್ದೆ. ಬರೋಕಾಗದೇ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು, ಅದಕ್ಕೆ ಆಡಿದ ಮಾತನ್ನೇ ಹೆಚ್ಚು ಕಮ್ಮಿ ಹಾಗೇ ಟೈಪ್ ಮಾಡಿದೀನಿ, ಆವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನೂ ಅಲ್ಲಲ್ಲಿ ಸೇರಿಸಿದೀನಿ.

ಪಂಡರಿಬಾಯಿ ಅಂದ ತಕ್ಷಣ ನಿಮಗೆ ಯಾವ ಮುಖ ನೆನಪಾಗುತ್ತೆ? ಆವತ್ತು ಇದನ್ನ ಕೇಳಿದಾಗ ಸಭೆಯಲ್ಲಿ ಮುಕ್ಕಾಲು ಜನ ಒಂದೇ ಉತ್ತರ ಕೊಟ್ರು, ಅಮ್ಮ. ನರೆತ ಕೂದಲು, ಸಾದಾ ಸೀರೆ, ದೇವರ ಫೋಟೋ ಮುಂದೆ ಕೈಮುಗಿದು ನಿಂತಿರೋ ಅಮ್ಮ. ಅದು ನಿಜಾನೇ, ಅವರು ಕನ್ನಡ, ತಮಿಳು, ತೆಲುಗು, ಹಿಂದಿ ಸೇರಿ ನೂರಾರು ಸಿನಿಮಾ ಮಾಡಿದ್ರು, ಅದ್ರಲ್ಲಿ ಅಮ್ಮ, ಅತ್ತಿಗೆ, ಅಕ್ಕ ಇವೇ ಜಾಸ್ತಿ. ಆದ್ರೆ ನಾನು ಹೇಳೋಕೆ ಹೊರಟಿರೋದು ಇಷ್ಟು: ಆ ಅಮ್ಮನ ಪಾತ್ರಗಳಲ್ಲಿ ನಾವು ಸುಮ್ನೆ ಕಣ್ಣಾಡಿಸಿ ಮುಂದೆ ಹೋಗಿರೋ ದೊಡ್ಡ ಕಲಾವಿದೆ ಒಬ್ರಿದಾರೆ, ಅವರನ್ನ ನೋಡ್ಬೇಕು ಅಂದ್ರೆ ಡೈಲಾಗ್ ಹೇಳ್ತಿರೋ ಹೀರೋ ಮೇಲಿಂದ ಕಣ್ಣು ತೆಗೆದು, ಅದನ್ನ ಕೇಳ್ತಾ ನಿಂತಿರೋ ಅವರ ಮುಖದ ಮೇಲೆ ಇಡ್ಬೇಕು.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ಕೇಳಿದ ಎಷ್ಟೋ ಜನ ಹೌದಾ ಅಂತಾರೆ. 1952ರಲ್ಲಿ ಶಿವಾಜಿ ಗಣೇಶನ್ 'ಪರಾಶಕ್ತಿ' ಅನ್ನೋ ತಮಿಳು ಸಿನಿಮಾದಿಂದ ತೆರೆಗೆ ಬಂದ್ರು. ಅದರ ಹೀರೋಯಿನ್ ಪಂಡರಿಬಾಯಿ. 1954ರಲ್ಲಿ ಮುತ್ತುರಾಜು ಅನ್ನೋ ಗುಬ್ಬಿ ಕಂಪನಿ ನಟ ರಾಜ್‌ಕುಮಾರ್ ಅನ್ನೋ ಹೆಸರಲ್ಲಿ 'ಬೇಡರ ಕಣ್ಣಪ್ಪ' ಮಾಡಿದ್ರು, ಅದರ ಹೀರೋಯಿನ್ನೂ ಪಂಡರಿಬಾಯಿ. ಮುಂದೆ ಎರಡು ಭಾಷೆಗಳಲ್ಲಿ ದೇವರ ಹಾಗೆ ಮೆರೆದ ಇಬ್ಬರು ನಟರು ಹೀರೋ ಆಗಿ ಕ್ಯಾಮೆರಾ ಮುಂದೆ ಮೊದಲ ಸಲ ನಿಂತಾಗ ಎದುರಿಗೆ ನಿಂತಿದ್ದು ಭಟ್ಕಳದ ಹೆಣ್ಣುಮಗಳು, ಮತ್ತೆ ಅಷ್ಟರಲ್ಲಿ ಅವರಿಗೆ ಇವರಿಬ್ರಿಗಿಂತ ಜಾಸ್ತಿ ಕ್ಯಾಮೆರಾ ಅನುಭವ ಇತ್ತು, ಇದನ್ನ ಮರೀಬಾರದು.

ಭಟ್ಕಳ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ 1920ರ ದಶಕದ ಕೊನೆ ಹೊತ್ತಿಗೆ ಹುಟ್ಟಿದವರು ಇವರು. ಮನೆಯಲ್ಲಿ ಹರಿಕಥೆಯ ವಾತಾವರಣ, ಚಿಕ್ಕ ವಯಸ್ಸಲ್ಲೇ ಇವರೂ ಪುರಾಣದ ಹರಿಕಥೆ ಮಾಡ್ತಿದ್ರು. ಹರಿಕಥೆ ಅಂದ್ರೆ ಈಗಿನ ಹುಡುಗ್ರಿಗೆ ಅಷ್ಟು ಗೊತ್ತಿರಲ್ಲ, ಆದ್ರೆ ನಟನೆಗೆ ಅದಕ್ಕಿಂತ ಗಟ್ಟಿ ತಾಲೀಮು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಒಬ್ಬರೇ ನಿಂತು ಹಾಡ್ಬೇಕು, ಕಥೆ ಹೇಳ್ಬೇಕು, ಒಂದು ಕ್ಷಣ ದ್ರೌಪದಿ ಆಗ್ಬೇಕು, ಮರುಕ್ಷಣ ದುಶ್ಶಾಸನ ಆಗ್ಬೇಕು, ಮಧ್ಯೆ ಮಧ್ಯೆ ಉಪಕಥೆಗೆ ಹೋಗಿ ಮತ್ತೆ ಸರಿಯಾಗಿ ಬಿಟ್ಟ ಜಾಗಕ್ಕೇ ಬರ್ಬೇಕು, ಎದುರಿಗೆ ಕೂತಿರೋರು ಎಲ್ಲಿ ಆಕಳಿಸ್ತಿದಾರೆ, ಎಲ್ಲಿ ಕಣ್ಣು ಒರೆಸ್ಕೊಳ್ತಿದಾರೆ ಅಂತ ನೋಡ್ಕೊಂಡೇ ಇರ್ಬೇಕು. ಮಾತನ್ನ ಎಲ್ಲಿ ನಿಲ್ಲಿಸಿದ್ರೆ ಜನ ಮುಂದೆ ಬಾಗಿ ಕೇಳ್ತಾರೆ ಅನ್ನೋದು ಅಲ್ಲಿ ಮೈಗೆ ಹತ್ತುತ್ತೆ. ಪಂಡರಿಬಾಯಿ ಸಿನಿಮಾದಲ್ಲಿ ಮಾತಿನ ಮಧ್ಯೆ ನಿಲ್ಲಿಸೋದನ್ನ ಗಮನಿಸಿ, ಆ ನಿಲುಗಡೆ ಹರಿಕಥೆಯಿಂದ ಬಂದಿದ್ದು ಅಂತ ನನಗನ್ಸುತ್ತೆ.

ಮೊದಲ ಸಿನಿಮಾ 1943ರ 'ವಾಣಿ'. ಪಿಟೀಲು ಚೌಡಯ್ಯನವರ ಸಿನಿಮಾ ಅದು, ಕೆ. ಹಿರಣ್ಣಯ್ಯನವರ ನಿರ್ದೇಶನ. ಆಗ ಇವರಿನ್ನೂ ಹುಡುಗಿ. ಆ ಕಾಲಕ್ಕೆ ಕನ್ನಡ ಸಿನಿಮಾ ಅಂದ್ರೆ ವರ್ಷಕ್ಕೆ ಒಂದೋ ಎರಡೋ, ಕೆಲವು ವರ್ಷ ಅದೂ ಇಲ್ಲ, ಸ್ಟುಡಿಯೋ ಅಂದ್ರೆ ಮದ್ರಾಸು. ಹಾಗಾಗಿ ಸಿನಿಮಾನೇ ಕಸುಬು ಮಾಡ್ಕೋಬೇಕು ಅಂದ್ರೆ ಮದ್ರಾಸಿನಲ್ಲಿ ಇರ್ಬೇಕು, ಅಲ್ಲಿ ಇರ್ಬೇಕು ಅಂದ್ರೆ ತಮಿಳು ಆಡ್ಬೇಕು. ಮೇಯಪ್ಪ ಚೆಟ್ಟಿಯಾರ್ ಅವರ ಎವಿಎಂ ಸ್ಟುಡಿಯೋ ಕಾರೈಕುಡಿಯಿಂದ ಕೋಡಂಬಾಕ್ಕಂಗೆ ಬಂದ ಕಾಲ ಅದು, ಪಂಡರಿಬಾಯಿ ಅವರ ಬೆಳವಣಿಗೆ ಬಹುಪಾಲು ಆ ಕಾಂಪೌಂಡಿನ ಒಳಗೇ ಆಗಿದ್ದು. 1951ರಲ್ಲಿ ಎವಿಎಂನ ಹಿಂದಿ ಸಿನಿಮಾ 'ಬಹಾರ್'ನಲ್ಲಿ ವೈಜಯಂತಿಮಾಲಾ ಜೊತೆ ಇದಾರೆ. 1953ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಗುಣಸಾಗರಿ'.

'ಪರಾಶಕ್ತಿ' ಬಗ್ಗೆ ಎರಡು ಮಾತು ಹೇಳಲೇಬೇಕು. ಕೃಷ್ಣನ್–ಪಂಜು ನಿರ್ದೇಶನ, ಸಂಭಾಷಣೆ ಕರುಣಾನಿಧಿ ಅವರದ್ದು. ತಮಿಳುನಾಡಿನ ರಾಜಕೀಯನೇ ಬದಲಾಯಿಸಿದ ಸಿನಿಮಾ ಅಂತಾರಲ್ಲ, ಅದು. ಎಲ್ರೂ ನೆನಪಿಟ್ಕೊಂಡಿರೋದು ಶಿವಾಜಿಯ ಕೋರ್ಟ್ ಸೀನು. ಸರಿ, ಅದನ್ನ ನೆನಪಿಟ್ಕೊಳ್ಳಿ. ಆದ್ರೆ ಕಥೆಯಲ್ಲಿ ಆ ಹೀರೋ ಗುಣಶೇಖರನ್ ತನ್ನ ತಂಗಿಗೆ ಆದ ಅನ್ಯಾಯಕ್ಕಾಗಿ ಮಾತ್ರ ಕುದೀತಿರೋನು, ಅವನಿಗೆ ನಿನ್ನ ತಂಗಿ ಥರ ಇನ್ನೆಷ್ಟು ಜನ ಇದಾರೆ ನೋಡು ಅಂತ ಕಣ್ಣು ತೆರೆಸೋಳು ವಿಮಲಾ, ಅದೇ ಪಂಡರಿಬಾಯಿ. ಕರುಣಾನಿಧಿಯ ಆ ಪ್ರಾಸಬದ್ಧ, ಏರುದನಿಯ ತಮಿಳನ್ನ ಶಿವಾಜಿ ಸಿಂಹದ ಥರ ಆಡಿದ್ರೆ, ಇವರು ಅದನ್ನ ಪಕ್ಕದ ಮನೆಯೋರು ಬುದ್ಧಿ ಹೇಳೋ ಹಾಗೆ ಆಡ್ತಾರೆ. ಅವನು ಗರ್ಜಿಸೋ ಸಿನಿಮಾದಲ್ಲಿ ಎದುರಿಗಿರೋಳೂ ಗರ್ಜಿಸಿದ್ರೆ ಕೇಳೋಕಾಗ್ತಿತ್ತಾ? ಇವರ ತಗ್ಗಿದ ದನಿ ಇರೋದ್ರಿಂದಲೇ ಅವನ ಏರುದನಿಗೆ ಅರ್ಥ ಬಂತು.

ಇನ್ನು 1954. ಒಬ್ಬ ನಟಿಯ ಬದುಕಲ್ಲಿ ಇಂಥ ವರ್ಷ ಒಂದು ಬಂದ್ರೆ ಸಾಕು. ಕನ್ನಡದಲ್ಲಿ 'ಬೇಡರ ಕಣ್ಣಪ್ಪ', ತಮಿಳಿನಲ್ಲಿ 'ಮನೋಹರ' ಮತ್ತು 'ಅಂದ ನಾಳ್'. 'ಬೇಡರ ಕಣ್ಣಪ್ಪ'ದಲ್ಲಿ ಇವರು ಕಣ್ಣನ ಹೆಂಡತಿ ನೀಲ. ಸಿನಿಮಾದ ಹೆಸರೇ ಹೇಳೋ ಹಾಗೆ ಅದು ಗಂಡನ ಕಥೆ, ಶಿವನಿಗೆ ಕಣ್ಣು ಕಿತ್ತು ಕೊಡೋನ ಕಥೆ. ಹಟ್ಟಿ ಬಿಟ್ಟು ಹೊರಟಾಗ, ಊರಲ್ಲಿ ಗಂಡ ಬೇರೆ ಹೆಣ್ಣಿನ ಮೋಹಕ್ಕೆ ಬಿದ್ದಾಗ, ಆಮೇಲೆ ಅವನು ಭಕ್ತಿಯಲ್ಲಿ ಮುಳುಗಿ ಹೋದಾಗ, ಮೂರೂ ಸಲ ಅವನಿಗೆ ಆಗ್ತಿರೋದೇನು ಅಂತ ನಮಗೆ ಗೊತ್ತಾಗೋದು ನೀಲಳ ಮುಖದಿಂದ. ರಾಜ್‌ಕುಮಾರ್ ಆಗ ನಾಟಕದಿಂದ ಬಂದಿದ್ದೋರು, ದನಿ ದೊಡ್ಡದು, ಕೈ ದೊಡ್ಡದು, ಅದು ಆ ಪಾತ್ರಕ್ಕೆ ಹೊಂದ್ಕೊಂಡೇ ಇದೆ. ಪಕ್ಕದಲ್ಲಿ ಪಂಡರಿಬಾಯಿ ಮಾತ್ರ ಕ್ಯಾಮೆರಾ ಎಷ್ಟು ಹತ್ತಿರ ಇದೆ ಅಂತ ಗೊತ್ತಿರೋರ ಹಾಗೆ ಕಣ್ಣಲ್ಲೇ ಕೆಲಸ ಮುಗಿಸ್ತಾರೆ.

ಈಗ 'ಅಂದ ನಾಳ್'ಗೆ ಬರ್ತೀನಿ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ವೀಣೆ ಎಸ್. ಬಾಲಚಂದರ್ ನಿರ್ದೇಶನ, ಎವಿಎಂ ನಿರ್ಮಾಣ, ಚಿತ್ರಕಥೆ ಬರೆದೋರು ಜಾವರ್ ಸೀತಾರಾಮನ್, ಅವರೇ ಪತ್ತೇದಾರನ ಪಾತ್ರನೂ ಮಾಡಿದಾರೆ. ಒಂದು ಹಾಡಿಲ್ಲ, ಒಂದು ಡಾನ್ಸ್ ಇಲ್ಲ. 1954ರಲ್ಲಿ! ಸಿನಿಮಾ ಶುರುವಾಗ್ತಿದ್ದ ಹಾಗೇ ಗುಂಡಿನ ಸದ್ದು, ಹೀರೋ ಶಿವಾಜಿ ಸತ್ತು ಬೀಳ್ತಾನೆ. 1943ರಲ್ಲಿ ಜಪಾನಿನವರು ಮದ್ರಾಸಿನ ಮೇಲೆ ಬಾಂಬ್ ಹಾಕಿದ್ರಲ್ಲ, ಅದರ ಮರುದಿನದ ಕಥೆ. ಸತ್ತೋನು ರಾಜನ್ ಅಂತ, ರೇಡಿಯೋ ಇಂಜಿನಿಯರ್. ಕೊಂದಿದ್ದು ಯಾರು? ತಮ್ಮನಾ, ತಮ್ಮನ ಹೆಂಡತಿನಾ, ಪಕ್ಕದ ಮನೆಯೋನಾ, ಪ್ರೇಯಸಿನಾ, ಹೆಂಡತಿ ಉಷಾನಾ? ಒಬ್ಬೊಬ್ಬರು ಒಂದೊಂದು ಥರ ಕಥೆ ಹೇಳ್ತಾರೆ.

ಉಷಾ ಪಂಡರಿಬಾಯಿ. ಈ ಪಾತ್ರದ ಕಷ್ಟ ಏನು ಅಂತ ಯೋಚನೆ ಮಾಡಿ. ಸಿನಿಮಾ ಪೂರ್ತಿ ಅವರು ಗಂಡ ಸತ್ತ ಹೆಂಡತಿ, ದುಃಖದಲ್ಲಿರೋಳು. ಆ ದುಃಖ ಸುಳ್ಳಲ್ಲ, ನಿಜವಾಗ್ಲೂ ಪ್ರೀತಿಸಿದ್ಲು. ಆದ್ರೆ ಆ ದುಃಖದ ಒಳಗೆ ಇನ್ನೊಂದು ಇದೆ, ಅದು ಪ್ರೇಕ್ಷಕರಿಗೆ ಮೊದಲೇ ಕಂಡುಬಿಟ್ರೆ ಸಿನಿಮಾ ಮುಗೀತು, ಕೊನೇಲಿ ಗೊತ್ತಾದ ಮೇಲೆ ಹಿಂದೆ ತಿರುಗಿ ನೋಡಿದಾಗ ಅದು ಅಲ್ಲಿ ಇರಲೇ ಇಲ್ಲ ಅನ್ಸಿದ್ರೆ ಮೋಸ ಆಗುತ್ತೆ. ಎರಡೂ ಆಗ್ಬಾರದು. (ಸಿನಿಮಾ ನೋಡದೇ ಇರೋರು ಇಲ್ಲಿಂದ ಮುಂದಿನ ಪ್ಯಾರಾಕ್ಕೆ ಹಾರಿ.) ಕಾಲೇಜಿನ ದಿನಗಳಿಂದ ದೇಶ ದೇಶ ಅಂತ ಬದುಕಿದ ಹುಡುಗಿ, ಅವಳ ಗಂಡನೇ ಶತ್ರು ದೇಶಕ್ಕೆ ಗುಟ್ಟು ಮಾರ್ತಿದಾನೆ ಅಂತ ಗೊತ್ತಾಗುತ್ತೆ. ಕೊನೇಲಿ ಅವನ ಪ್ರಾಣ ತೆಗೆದಿದ್ದು ಅವಳ ಕೈಲಿದ್ದ ಪಿಸ್ತೂಲಿನ ಗುಂಡು. ಪತ್ತೇದಾರ ಅನುಮಾನ ಇರೋರನ್ನೆಲ್ಲ ಸೇರಿಸಿ ಒಂದು ಪರೀಕ್ಷೆ ಇಡ್ತಾನೆ, ಅಲ್ಲಿ ಉಷಾ ತಡ್ಕೊಳ್ಳೋಕಾಗದೆ ಕುಸೀತಾಳೆ. ಎರಡನೇ ಸಲ ಈ ಸಿನಿಮಾ ನೋಡುವಾಗ ನಾನು ಅವರೊಬ್ಬರನ್ನೇ ನೋಡಿದೆ. ಬೇರೆಯೋರು ಸಾಕ್ಷಿ ಹೇಳುವಾಗ, ಗಂಡನ ಹೆಸರು ಬಂದಾಗೆಲ್ಲ, ಅವರು ಒಂದು ಎಳೆ ತಡ ಮಾಡಿ ನೋಡ್ತಾರೆ. ಅಷ್ಟೇ. ಮೊದಲ ಸಲ ಅದು ಅತ್ತು ಅತ್ತು ಸುಸ್ತಾದ ಹೆಂಗಸಿನ ನಿಧಾನ ಅನ್ಸುತ್ತೆ, ಎರಡನೇ ಸಲ ಅದೇ ನಿಧಾನ ಬೇರೆ ಏನೋ ಹೇಳುತ್ತೆ. ಇದನ್ನ ಮಾಡಿದಾಗ ಅವರಿಗೆ ಮೂವತ್ತು ಕೂಡ ಆಗಿರಲಿಲ್ಲ.

'ಬೇಡರ ಕಣ್ಣಪ್ಪ', 'ಅಂದ ನಾಳ್' ಎರಡಕ್ಕೂ ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಮೆರಿಟ್ ಸರ್ಟಿಫಿಕೇಟ್ ಸಿಕ್ತು. ಒಂದರಲ್ಲಿ ಕಾಡಿನ ನೀಲ, ಇನ್ನೊಂದರಲ್ಲಿ ಕಾಲೇಜು ಓದಿದ ಮದ್ರಾಸಿನ ಉಷಾ.

ಅದರ ಮರುವರ್ಷವೇ ಅವರು ನಿರ್ಮಾಪಕಿ ಆದ್ರು. ಎಂ.ವಿ. ರಾಜಮ್ಮನವರು 1943ರಲ್ಲೇ 'ರಾಧಾ ರಮಣ' ನಿರ್ಮಿಸಿ ಆ ಬಾಗಿಲು ತೆಗೆದಿದ್ರು, ಆದ್ರೂ 1955ರಲ್ಲಿ ಒಬ್ಬ ನಟಿ ಸ್ವಂತ ದುಡ್ಡು ಹಾಕಿ ಕನ್ನಡ ಸಿನಿಮಾ ಮಾಡೋದು ಅಂದ್ರೆ ಸಣ್ಣ ಮಾತಲ್ಲ, ಮಾರ್ಕೆಟ್ಟೇ ಚಿಕ್ಕದು, ಥಿಯೇಟರ್ ಕಮ್ಮಿ, ಇನ್ನೂ ಕರ್ನಾಟಕ ಒಂದಾಗಿರಲಿಲ್ಲ. ಶ್ರೀ ಪಾಂಡುರಂಗ ಪ್ರೊಡಕ್ಷನ್ಸ್ ಅಂತ ಸಂಸ್ಥೆ, ಮೊದಲು 'ಸಂತ ಸಖು', ಆಮೇಲೆ 1957ರಲ್ಲಿ 'ರಾಯರ ಸೊಸೆ'. ರಾಜ್‌ಕುಮಾರ್ ಎರಡರಲ್ಲೂ ಇದಾರೆ. ತಂಗಿ ಮೈನಾವತಿ ತೆರೆಗೆ ಬಂದಿದ್ದೂ ಅಕ್ಕನ ಸಂಸ್ಥೆಯಿಂದ, ಮುಂದೆ ಮೈನಾವತಿ ತಮ್ಮದೇ ಹೆಸರು ಮಾಡಿದ್ರು, 1959ರ 'ಅಬ್ಬಾ ಆ ಹುಡುಗಿ'ಯ ಆ ಜೋರಿನ ಹುಡುಗಿ ಅವರೇ. ಪಂಡರಿಬಾಯಿ ದುಡ್ಡು ಹಾಕೋಕೆ ಆರಿಸ್ಕೊಂಡ ಕಥೆ ಯಾವುದು ನೋಡಿ. ಸಖೂಬಾಯಿ ಅತ್ತೆ ಮನೆಯಲ್ಲಿ ಕತ್ತೆ ಥರ ದುಡಿಯೋ ಸೊಸೆ, ಪಂಢರಪುರಕ್ಕೆ ಹೋಗ್ಬೇಕು ಅಂತ ಹಂಬಲ, ಮನೆಯೋರು ಬಿಡಲ್ಲ, ಕೊನೆಗೆ ವಿಠಲನೇ ಅವಳ ರೂಪದಲ್ಲಿ ಬಂದು ಮನೆಕೆಲಸ ಮಾಡ್ತಾನೆ, ಅವಳು ಯಾತ್ರೆಗೆ ಹೋಗ್ತಾಳೆ. ದೇವರು ಬಂದು ರಾಕ್ಷಸನ್ನ ಕೊಲ್ಲೋ ಕಥೆಗಳ ಮಧ್ಯೆ ದೇವರು ಬಂದು ಪಾತ್ರೆ ತೊಳೆಯೋ ಕಥೆ. ಆ ಆಯ್ಕೆಯಲ್ಲಿ ಅವರ ಮನಸ್ಸು ಕಾಣುತ್ತೆ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ಪಾಂಡುರಂಗನ ಮೇಲೆ ಅವರಿಗಿದ್ದ ಭಕ್ತಿ ಬರೀ ಬ್ಯಾನರ್ ಹೆಸರಿಗಲ್ಲ, ಮದ್ರಾಸಿನಲ್ಲಿ ದೇವಸ್ಥಾನನೂ ಕಟ್ಟಿಸಿದ್ರು.

ಹಿಂದಿ ಕಡೆ ಹೆಚ್ಚು ಹೇಳಲ್ಲ. 1957ರ 'ಭಾಭಿ'ಯಲ್ಲಿ ಟೈಟಲ್ ಪಾತ್ರನೇ ಇವರದ್ದು, ಗಂಡನಾಗಿ ಬಲರಾಜ್ ಸಾಹ್ನಿ. ತಮಿಳಿನ 'ಕುಲದೈವಂ'ನಲ್ಲಿ ಮಾಡಿದ ಪಾತ್ರವನ್ನೇ ಅಲ್ಲೂ ಮಾಡಿದ್ರು, ಮೈದುನರನ್ನ ಸ್ವಂತ ಮಕ್ಕಳ ಹಾಗೆ ಸಾಕೋ ಹಿರಿಸೊಸೆ. 1959ರ 'ಪೈಗಾಮ್'ನಲ್ಲಿ ದಿಲೀಪ್ ಕುಮಾರ್‌ಗೆ ಅತ್ತಿಗೆ, ರಾಜ್‌ಕುಮಾರ್ (ಹಿಂದಿಯ ರಾಜ್‌ಕುಮಾರ್, ನಮ್ಮ ಅಣ್ಣಾವ್ರಲ್ಲ) ಹೆಂಡತಿ. ಎರಡೂ ದೊಡ್ಡ ಸಿನಿಮಾ. ಆದ್ರೆ ಅಲ್ಲೇ ಒಂದು ಅಚ್ಚು ಬಿದ್ದುಬಿಡ್ತು ಅನ್ಸುತ್ತೆ, ಮೂವತ್ತರ ಆಸುಪಾಸಲ್ಲೇ ಎಲ್ರಿಗೂ ಅತ್ತಿಗೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಯಾಕಂದ್ರೆ ಈ ವಿಷಯ ನನಗೆ ನಿಜವಾಗ್ಲೂ ಹೊಟ್ಟೆ ಉರಿಸುತ್ತೆ. ಶಿವಾಜಿ ಹುಟ್ಟಿದ್ದು 1928. ರಾಜ್‌ಕುಮಾರ್ ಹುಟ್ಟಿದ್ದು 1929. ಪಂಡರಿಬಾಯಿ ಹೆಚ್ಚು ಕಮ್ಮಿ ಇವರ ಓರಗೆಯೋರು. ಎಂಜಿಆರ್ 1917, ಅಂದ್ರೆ ಇವರಿಗಿಂತ ಹತ್ತು ವರ್ಷಕ್ಕೂ ದೊಡ್ಡೋರು. 1965ರ 'ಎಂಗ ವೀಟ್ಟು ಪಿಳ್ಳೈ'ಯಲ್ಲಿ ಪಂಡರಿಬಾಯಿ ಎಂಜಿಆರ್‌ಗೆ ಅಕ್ಕ. 1968ರ 'ಕುಡಿಯಿರುಂದ ಕೋಯಿಲ್'ನಲ್ಲಿ ಅದೇ ಎಂಜಿಆರ್‌ಗೆ ತಾಯಿ. ಐವತ್ತು ದಾಟಿದ ಮಗ, ನಲವತ್ತರ ತಾಯಿ. 1969ರ 'ದೈವ ಮಗನ್' ತಗೊಳ್ಳಿ. ಶಿವಾಜಿದು ಮೂರು ಪಾತ್ರ, ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು. ಅಪ್ಪ ಶಿವಾಜಿಗೆ ಹೆಂಡತಿ ಪಂಡರಿಬಾಯಿ, ಇಬ್ಬರು ಮಕ್ಕಳು ಶಿವಾಜಿಗೂ ತಾಯಿ ಅವರೇ. 'ಪರಾಶಕ್ತಿ'ಯಲ್ಲಿ ಜೋಡಿಯಾಗಿ ನಿಂತ ಹದಿನೇಳು ವರ್ಷಕ್ಕೆ ಹೀಗೆ. ಹೀರೋ ಮೇಕಪ್ ಹಾಕಿ ಮುದುಕನೂ ಆಗಬಹುದು, ಮೇಕಪ್ ತೆಗೆದು ಹುಡುಗನೂ ಆಗಬಹುದು, ಹೀರೋಯಿನ್‌ಗೆ ಬಿಳಿ ಕೂದಲು ಒಂದು ಸಲ ಅಂಟಿಸಿದ್ರೆ ಮುಗೀತು, ಆಮೇಲೆ ಯಾರೂ ತೆಗೆಯಲ್ಲ. ಇದು ಪಂಡರಿಬಾಯಿ ಒಬ್ಬರ ಕಥೆ ಅಲ್ಲ, ಆ ತಲೆಮಾರಿನ ಎಷ್ಟೋ ನಟಿಯರದ್ದು ಇದೇ.

ಆದ್ರೆ 'ದೈವ ಮಗನ್'ನಲ್ಲಿ ಅವರು ಮಾಡಿರೋ ಕೆಲಸ ನೋಡಿದ್ರೆ ಆ ಹೊಟ್ಟೆಉರಿ ಪಕ್ಕಕ್ಕಿಟ್ಟು ಕೈ ಮುಗೀಬೇಕು ಅನ್ಸುತ್ತೆ. ಎ.ಸಿ. ತಿರುಲೋಕಚಂದರ್ ನಿರ್ದೇಶನ, ಆ ವರ್ಷ ಭಾರತದಿಂದ ಆಸ್ಕರ್‌ಗೆ ಕಳಿಸಿದ ಸಿನಿಮಾ. ಶಿವಾಜಿಯ ಮೂರು ಪಾತ್ರದ ಬಗ್ಗೆ ಪುಟಗಟ್ಟಲೆ ಬರೆದಿದಾರೆ, ನಡಿಗೆ ಬೇರೆ, ದನಿ ಬೇರೆ, ನಗು ಬೇರೆ ಅಂತ, ಎಲ್ಲಾ ನಿಜ. ಆದ್ರೆ ಒಬ್ಬನೇ ನಟ ಮೂರು ಜನ ಅಂತ ನಾವು ನಂಬ್ತೀವಲ್ಲ, ಆ ನಂಬಿಕೆಯ ಅರ್ಧ ಪಾಲು ಎದುರಿಗೆ ನಿಂತಿರೋಳದ್ದು. ಗಂಡನ ಜೊತೆ ಮಾತಾಡುವಾಗ ವರ್ಷಗಟ್ಟಲೆ ಸಂಸಾರ ಮಾಡಿದ ಸಲಿಗೆ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡ್ತಾರೆ. ಕೈಯಲ್ಲಿ ಬೆಳೆದ ಮುದ್ದಿನ ಮಗನ ಹತ್ರ ಗದರೋ ಸ್ವಾತಂತ್ರ್ಯ. ಹುಟ್ಟಿದಾಗಲೇ ಸತ್ತುಹೋದ ಅಂತ ನಂಬಿಸಿದ್ದ, ಮುಖದ ಮೇಲೆ ಅಪ್ಪನ ಹಾಗೇ ಮಚ್ಚೆ ಹೊತ್ತಿರೋ ದೊಡ್ಡ ಮಗನ ವಿಷಯ ಬಂದಾಗ ಇವ್ಯಾವುದೂ ಇಲ್ಲದ ಇನ್ನೊಂದೇ ಮುಖ. ಅದೇ ನಟ, ಅದೇ ಸೆಟ್ಟು. ಡಬಲ್ ರೋಲ್ ಸಿನಿಮಾದಲ್ಲಿ ಹೀರೋಗೆ ಡಬಲ್ ಹೆಸರು ಬರುತ್ತೆ, ಮೂರು ಜನರ ಜೊತೆ ಮೂರು ಸಂಬಂಧ ಕಟ್ಟಿದೋಳಿಗೆ ಏನು ಬಂತು? 1973ರ 'ಗೌರವಂ'ನಲ್ಲೂ ಅಷ್ಟೇ, ಶಿವಾಜಿ ಎರಡು ಪಾತ್ರ, ಬ್ಯಾರಿಸ್ಟರ್ ರಜನಿಕಾಂತ್ ಮತ್ತು ಅವನು ಸಾಕಿದ ಮಗ. ಇಬ್ಬರ ಹಟದ ಮಧ್ಯೆ ಸಿಕ್ಕಿ ಒಳಗೊಳಗೇ ಕರಗೋ ಹೆಂಡತಿ ಚೆಲ್ಲಮ್ಮ ಆಗಿ ಇವರು.

ಕನ್ನಡಕ್ಕೆ ವಾಪಸ್ ಬರೋಣ. 1965ರ 'ಸತ್ಯ ಹರಿಶ್ಚಂದ್ರ'. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ರಾಜ್‌ಕುಮಾರ್ ಹರಿಶ್ಚಂದ್ರ, ಇವರು ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ನಕ್ಷತ್ರಿಕ. 2008ರಲ್ಲಿ ಕಲರ್ ಮಾಡಿ ಮತ್ತೆ ರಿಲೀಸ್ ಮಾಡಿದ್ರಲ್ಲ, ಆಗ ಹೊಸ ತಲೆಮಾರಿನೋರೂ ಥಿಯೇಟರಲ್ಲಿ ನೋಡಿದ್ರು. ಸ್ಮಶಾನದ ಪ್ರಸಂಗ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ, ರಾಘವಾಂಕನಿಂದ ಹಿಡಿದು ಕಂಪನಿ ನಾಟಕದ ತನಕ ಜನ ಅತ್ತಿರೋ ಜಾಗ ಅದು. ಹಾವು ಕಚ್ಚಿ ಸತ್ತ ಮಗನನ್ನ ಹೊತ್ಕೊಂಡು ಬಂದ ತಾಯಿ, ಸುಡೋಕೆ ಸುಂಕ ಕೇಳೋ ಕಾವಲುಗಾರ, ಅವನೇ ಗಂಡ. ನಾಟಕದಲ್ಲಾದ್ರೆ ಈ ಜಾಗದಲ್ಲಿ ಚಂದ್ರಮತಿ ಎದೆ ಬಡ್ಕೊಂಡು ಹಾಡ್ಬೇಕು, ಜನ ಒನ್ಸ್ ಮೋರ್ ಅನ್ಬೇಕು. ಪಂಡರಿಬಾಯಿಯವರ ಚಂದ್ರಮತಿಯಲ್ಲಿ ಅಳು ಇದೆ, ಇಲ್ಲ ಅನ್ನಲ್ಲ, ಆದ್ರೆ ನನಗೆ ತಾಗೋದು ಆ ಅಳುವಿನ ಕೆಳಗಿರೋ ರಾಣಿತನ. ಎಲ್ಲಾ ಕಳ್ಕೊಂಡ ಮೇಲೂ ಬೇಡುವಾಗ ಬೆನ್ನು ಬಗ್ಗಿಲ್ಲ. ಪೌರಾಣಿಕ ಸಿನಿಮಾಗಳಲ್ಲಿ ಇಂಥದ್ದನ್ನ ನಾವು ಕಿರೀಟದಲ್ಲಿ, ಒಡವೆಯಲ್ಲಿ ಹುಡುಕ್ತೀವಿ, ಇಲ್ಲಿ ಹರಿದ ಸೀರೆಯಲ್ಲಿದೆ.

ನನ್ನ ಪ್ರಕಾರ ಕನ್ನಡದಲ್ಲಿ ಅವರ ಅತ್ಯುತ್ತಮ ಪಾತ್ರ ಮಾತ್ರ 1967ರ 'ಬೆಳ್ಳಿಮೋಡ'ದ್ದು. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶನ ಮಾಡಿದ ಮೊದಲ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಕಲ್ಪನಾ ಬಗ್ಗೆ, ಕ್ಯಾಮೆರಾ ಬಗ್ಗೆ, ಬೇಂದ್ರೆಯವರ ಪದ್ಯದ ಬಗ್ಗೆ ಎಲ್ರೂ ಮಾತಾಡ್ತಾರೆ. ಕಥೆ ನೆನಪು ಮಾಡ್ಕೊಳ್ಳಿ. ಮಲೆನಾಡಿನ ಎಸ್ಟೇಟು, ಸದಾಶಿವರಾಯರು ಅಂದ್ರೆ ಅಶ್ವತ್ಥ್, ಹೆಂಡತಿ ಪಂಡರಿಬಾಯಿ, ಒಬ್ಬಳೇ ಮಗಳು ಇಂದಿರಾ. ಮಗಳಿಗೆ ಗಂಡು ಗೊತ್ತಾಗಿದೆ, ಅವನು ರಾಯರ ದುಡ್ಡಲ್ಲೇ ಅಮೆರಿಕಕ್ಕೆ ಓದೋಕೆ ಹೋಗಿದಾನೆ. ಅಷ್ಟರಲ್ಲಿ ಮದುವೆ ವಯಸ್ಸಿನ ಮಗಳಿರೋ ಈ ತಾಯಿ ಮತ್ತೆ ಬಸುರಿ ಆಗ್ತಾಳೆ.

1967ರಲ್ಲಿ ಇದನ್ನ ತೆರೆ ಮೇಲೆ ತರೋದು ಅಂದ್ರೆ ಏನು ಅಂತ ಯೋಚಿಸಿ. ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಥ್ಯೇಟರಲ್ಲಿ ಜನ ಮುಸಿಮುಸಿ ನಗ್ತಾರೆ. ಈ ವಯಸ್ಸಲ್ಲಿ ಇದೇನು ಅಂತ ಊರು ಆಡ್ಕೊಳ್ಳುತ್ತೆ ಅನ್ನೋ ನಾಚಿಕೆ, ಮಗಳ ಮುಖ ನೋಡೋಕೆ ಸಂಕೋಚ, ಅದೇ ಹೊತ್ತಿಗೆ ವಂಶಕ್ಕೊಂದು ಗಂಡು ಬರಬಹುದು ಅಂತ ಗಂಡನಿಗಾಗ್ತಿರೋ ಸಂತೋಷಕ್ಕೆ ತಾನು ಕಾರಣ ಅನ್ನೋ ಹಿಗ್ಗು, ಅದರ ಕೆಳಗೆ ಈ ದೇಹ ತಡೆಯುತ್ತಾ ಅನ್ನೋ ಭಯ. ಇಷ್ಟೆಲ್ಲ ಇರೋ ಹೆಂಗಸಿಗೆ ಸ್ಕ್ರಿಪ್ಟಲ್ಲಿ ದೊಡ್ಡ ಭಾಷಣ ಇಲ್ಲ, ಮಧ್ಯಮ ವರ್ಗದ ಗೃಹಿಣಿ ಇಂಥದ್ದನ್ನ ಭಾಷಣದಲ್ಲಿ ಹೇಳಲ್ಲ. ಪಂಡರಿಬಾಯಿ ಇದನ್ನ ಮೈಯಲ್ಲಿ ಹೇಳ್ತಾರೆ, ಸೆರಗು ಸರಿ ಮಾಡ್ಕೊಳ್ಳೋದ್ರಲ್ಲಿ, ಗಂಡನ ಕಡೆ ನೋಡಿ ತಕ್ಷಣ ನೋಟ ತಗ್ಗಿಸೋದ್ರಲ್ಲಿ. ಹದಿನೆಂಟರ ಹುಡುಗಿಯ ಲಜ್ಜೆ ಬೇರೆ, ಇದು ಬೇರೆ. ಅಶ್ವತ್ಥ್ ಎದುರಿಗಿದ್ದಿದ್ದೂ ದೊಡ್ಡ ಪುಣ್ಯ, ಅವರಿಬ್ಬರು ಒಂದೇ ಫ್ರೇಮಲ್ಲಿ ಕೂತ್ರೆ ಮಾತಿಲ್ಲದೇನೂ ಅದು ಇಪ್ಪತ್ತು ವರ್ಷದ ಸಂಸಾರ ಅನ್ಸುತ್ತೆ. ಆ ತಾಯಿ ಗಂಡುಮಗುವನ್ನ ಹೆತ್ತು ತೀರ್ಕೊಳ್ತಾಳೆ, ಮಗಳು ತಮ್ಮನನ್ನ ಸಾಕ್ತಾಳೆ, ಆಸ್ತಿಗೆ ವಾರಸುದಾರ ಹುಟ್ಟಿದ ಅಂತ ಗೊತ್ತಾದ ಮೇಲೆ ಅಮೆರಿಕದ ಗಂಡು ಜಾರ್ಕೊಳ್ತಾನೆ. ಇಡೀ ಕಥೆ ತಿರುಗೋದು ಆ ತಾಯಿಯ ಬಸಿರಿನ ಮೇಲೆ. ಅವಳು ನಮಗೆ ನಗೆಪಾಟಲಾಗಿ ಕಂಡಿದ್ರೆ ಆಮೇಲೆ ಇಂದಿರಾಳ ದುಃಖನೂ ನಿಲ್ತಿರಲಿಲ್ಲ. ರಾಜ್ಯ ಪ್ರಶಸ್ತಿಗಳು ಆಗಿನ್ನೂ ಹೊಸದು, ಈ ಪಾತ್ರಕ್ಕೆ ಅವರಿಗೆ ಪೋಷಕ ನಟಿ ಪ್ರಶಸ್ತಿ ಬಂತು, ಸರಿಯಾದ ಜಾಗಕ್ಕೇ ಬಂತು.

ಎಪ್ಪತ್ತು, ಎಂಬತ್ತರ ದಶಕ ಬೇಗ ದಾಟ್ತೀನಿ. ಆಗ ಬಂದ ಪಾತ್ರಗಳು ಜಾಸ್ತಿ, ಪಾತ್ರದೊಳಗಿನ ಸರಕು ಕಮ್ಮಿ, ಫೋಟೋಗೆ ಹಾರ ಹಾಕಿಸ್ಕೊಳ್ಳೋ ಅಮ್ಮ, ಆಸ್ಪತ್ರೆ ಬೆಡ್ಡಿನ ಅಮ್ಮ. ಅದರ ಮಧ್ಯೆ 1986ರ 'ಅನುರಾಗ ಅರಳಿತು' ಬೇರೆ. ರಾಜ್‌ಕುಮಾರ್‌ಗೆ ತಾಯಿ. 1954ರಲ್ಲಿ ಹೆಂಡತಿ, 1965ರಲ್ಲಿ ಮಹಾರಾಣಿ, 1986ರಲ್ಲಿ ತಾಯಿ. ಕಾಯಿಲೆ ಬಿದ್ದ ತಾಯಿಯ ಸೇವೆ ಮಾಡೋ ಮಗನ ಕಥೆ ಅದು, ಆ ತಾಯಿ ನಿಜವಾಗ್ಲೂ ಪ್ರೀತಿ ಹುಟ್ಟಿಸದೇ ಇದ್ರೆ ಮಗನ ಸೇವೆ ಬರೀ ತೋರಿಕೆ ಆಗ್ತಿತ್ತು. 1992ರಲ್ಲಿ ಪಿ. ವಾಸು ಇದನ್ನ ತಮಿಳಿಗೆ 'ಮನ್ನನ್' ಅಂತ ಮಾಡಿದಾಗ ಹೀರೋ ಬದಲಾದ್ರು, ಹೀರೋಯಿನ್ ಬದಲಾದ್ರು, ತಾಯಿ ಮಾತ್ರ ಅದೇ ಪಂಡರಿಬಾಯಿ. ಯೇಸುದಾಸ್ ಹಾಡಿರೋ ಆ ತಾಯಿ ಹಾಡಲ್ಲಿ ರಜನಿಕಾಂತ್ ಅವರನ್ನ ಎತ್ಕೊಂಡು ಹೋಗ್ತಾರಲ್ಲ, ತಮಿಳುನಾಡಲ್ಲಿ ಇವತ್ತಿಗೂ ತಾಯಂದಿರ ದಿನ ಬಂದ್ರೆ ಆ ಹಾಡು ಬರುತ್ತೆ. ಆ ಹಾಡಲ್ಲೂ ಅವರನ್ನೇ ನೋಡಿ. ಮಗ ಸೇವೆ ಮಾಡ್ತಿರೋ ಸಂತೋಷಕ್ಕಿಂತ, ಮಗನಿಗೆ ಭಾರ ಆಗ್ತಿದೀನಲ್ಲ ಅನ್ನೋ ಮುಜುಗರ ಜಾಸ್ತಿ ಕಾಣುತ್ತೆ. ಹಾಸಿಗೆ ಹಿಡಿದ ಅಮ್ಮನನ್ನೋ ಅಜ್ಜಿಯನ್ನೋ ನೋಡ್ಕೊಂಡಿರೋರಿಗೆ ಆ ಮುಖ ಗೊತ್ತಿರುತ್ತೆ.

ತೊಂಬತ್ತರ ದಶಕದಲ್ಲಿ ಒಂದು ಅಪಘಾತ ಆಗಿ ಅವರು ಕೈಯೊಂದನ್ನ ಕಳ್ಕೊಂಡ್ರು. ಹರಿಕಥೆ ಕಾಲದಿಂದ ಕೈಯಲ್ಲೇ ಅರ್ಧ ಮಾತಾಡ್ತಿದ್ದ ಕಲಾವಿದೆಗೆ ಅದೆಂಥ ನಷ್ಟ ಅಂತ ನಾನು ಹೇಳ್ಬೇಕಾಗಿಲ್ಲ. ತಮಿಳುನಾಡು ಸರ್ಕಾರ ಕಲೈಮಾಮಣಿ ಕೊಟ್ಟಿತ್ತು, ಕರ್ನಾಟಕ ಸರ್ಕಾರ ಡಾ. ರಾಜ್‌ಕುಮಾರ್ ಹೆಸರಿನ ಪ್ರಶಸ್ತಿ ಕೊಡ್ತು. 2003ರ ಜನವರಿ 29ರಂದು ಚೆನ್ನೈನಲ್ಲಿ ತೀರ್ಕೊಂಡ್ರು.

ಆವತ್ತು ಮಾತು ಮುಗಿದ ಮೇಲೆ ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ, ಮೇಡಂ ಯಾವುದರಿಂದ ಶುರು ಮಾಡ್ಲಿ ಅಂತ ಕೇಳಿದ್ಲು. ಮೊದಲು 'ಅಂದ ನಾಳ್' ನೋಡು ಅಂದೆ, ತಮಿಳು ಬರದಿದ್ರೂ ಸಬ್‌ಟೈಟಲ್ ಹಾಕ್ಕೊಂಡು ನೋಡು, ಎರಡು ಸಲ ನೋಡು. ಆಮೇಲೆ 'ಬೆಳ್ಳಿಮೋಡ'. ಆಮೇಲೆ 'ದೈವ ಮಗನ್'. 'ಬೇಡರ ಕಣ್ಣಪ್ಪ'ನ ಕೊನೆಗೆ ಇಟ್ಕೊ, ಮೊದಲೇ ನೋಡಿದ್ರೆ ಕಣ್ಣು ರಾಜ್‌ಕುಮಾರ್ ಮೇಲೇ ಇರುತ್ತೆ, ಅದು ಯಾರ ತಪ್ಪೂ ಅಲ್ಲ.

ಇನ್ನೊಂದು ಕೇಳ್ಕೋಬೇಕಿತ್ತು, ಆವತ್ತು ಮರೆತೆ. 'ಸಂತ ಸಖು', 'ರಾಯರ ಸೊಸೆ' ಕಾಲದ ಹಾಡಿನ ಪುಸ್ತಕ, ಪೋಸ್ಟರ್, ಸ್ಟಿಲ್ಲು, ಹಳೇ ಪತ್ರಿಕೆಯ ಕಟಿಂಗು ನಿಮ್ಮ ಅಜ್ಜ ಅಜ್ಜಿ ಮನೆ ಅಟ್ಟದ ಮೇಲೆ ಏನಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ, ಫೋನಲ್ಲಾದ್ರೂ ಸರಿ ನೀಟಾಗಿ ಫೋಟೋ ತೆಗೆದು ಇಡಿ, ಹಿಂದಿನ ಪುಟನೂ ಬಿಡ್ಬೇಡಿ, ಪ್ರೆಸ್ಸಿನ ಹೆಸರು, ಥಿಯೇಟರ್ ಹೆಸರು ಎಲ್ಲಾ ಸಾಮಾನ್ಯ ಅಲ್ಲೇ ಇರುತ್ತೆ.